ಬೇಡವೆನ್ನದ ಸೂಲಗಿತ್ತಿ

ಆ ಊರಿನ ಹೆಸರನ್ನು ಕಥೆ ಹೇಳಿದವರು ಹೇಳಲಿಲ್ಲ, ಕೇಳಿದವರು ಕೇಳಲಿಲ್ಲ. ಮೂರು ಕಡೆ ಬೋಳು ಗುಡ್ಡ, ಒಂದು ಕಡೆ ಹೊಳೆ. ಹೊಳೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ಅಂಗೈಯಗಲದ, ನುಣ್ಣನೆಯ, ಚಪ್ಪಟೆ ಕಲ್ಲುಗಳು. ಅವಕ್ಕೊಂದು ಗುಣವಿತ್ತು. ಯಾರಾದರೂ ಕಲ್ಲನ್ನು ತುಟಿಯ ಹತ್ತಿರ ಹಿಡಿದು ತನ್ನ ಒಂದು ಮಾತನ್ನು ಗುಟ್ಟಾಗಿ ಉಸುರಿದರೆ ಕಲ್ಲು ಆ ಮಾತನ್ನು ಕುಡಿದು ರೊಟ್ಟಿಯಾಗುತ್ತಿತ್ತು. ಆಗತಾನೆ ಹೆಂಚಿನಿಂದ ಇಳಿದ ಬಿಸಿ ರೊಟ್ಟಿ. ಉಸುರಿದ ಮಾತು ಮಾತ್ರ ಉಸುರಿದವರ ಬಾಯಿಗೆ ಮತ್ತೆಂದೂ ಬರುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಬೇರೆ ಊರಿನವರು ಗಾದೆಗೆ ಹೇಳುತ್ತಾರೆ. ಆ ಊರಿನವರು ಅದನ್ನು ಕಣ್ಣಾರೆ ಕಂಡವರು.

ಅಲ್ಲಿ ಮೊದಲು ಒಕ್ಕಲಾದ ಹಿರಿಯರು ಇದನ್ನು ತಿಳಿಯದೆ ಬಂದವರಲ್ಲ. ನಮ್ಮ ಕರ್ತನು ಅರಣ್ಯದಲ್ಲಿ ನಲವತ್ತು ದಿನ ಹಸಿದಿದ್ದಾಗ ಆಸೆ ಹುಟ್ಟಿಸಿ ಕೆಡಿಸುವ ಶೋಧಕ ಬಂದು ಕಲ್ಲು ತೋರಿಸಿ ರೊಟ್ಟಿ ಮಾಡಿಕೋ ಎಂದನಲ್ಲ, ಕರ್ತನು ಒಪ್ಪದೆ ನಿಂತನಲ್ಲ, ನಾವೂ ಅಂಥ ಕಲ್ಲುಗಳ ನಡುವೆಯೇ ಇದ್ದು ದಿನಾ ಒಪ್ಪದೆ ನಿಲ್ಲೋಣ ಎಂದು ಬೇಕೆಂದೇ ಗುಡಿಸಲು ಹಾಕಿದವರು. ಅವರು ಇಟ್ಟ ಕಟ್ಟಳೆ ಒಂದೇ. ಬೆಳಗಾಗುತ್ತಲೇ ಊರೆಲ್ಲ ಹೊಳೆಗೆ ಬರಬೇಕು. ಒಬ್ಬೊಬ್ಬರೂ ಒಂದು ಕಲ್ಲೆತ್ತಿ ಬಾಯ ಹತ್ತಿರ ತಂದು, ಗುಡ್ಡಕ್ಕೆ ಕೇಳುವ ಹಾಗೆ "ಬೇಡ" ಎಂದು ಕೂಗಬೇಕು. ಕೂಗಿದ ಮಾತನ್ನು ಕಲ್ಲು ಕುಡಿಯುತ್ತಿರಲಿಲ್ಲ, ಅದಕ್ಕೆ ಗುಟ್ಟೇ ಬೇಕು. ಕೂಗಿ, ಕಲ್ಲು ಕೆಳಗಿಟ್ಟು, ಮನೆಗೆ ಹೋಗಿ ರಾಗಿ ಬೀಸಬೇಕು.

ದಿನಾ ಮಾಡಿದ್ದು ಸವೆಯುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಬೆಳಬೆಳಗ್ಗೆ ಹೀಗೆ ಅರಚುವುದು ಒರಟುತನ ಅನ್ನಿಸಿತು. ಮರ್ಯಾದಸ್ಥರು ಮೆಲ್ಲಗೆ ಹೇಳಿದರು. ಇನ್ನೂ ಮರ್ಯಾದಸ್ಥರು ತುಟಿ ಮಾತ್ರ ಆಡಿಸಿದರು. ಸಭೆಯ ಹಿರಿಯನೇ, "ತುಟಿ ಆಡಿಸಿದ್ರೆ ಸಾಕು ಬಿಡ್ರಪ್ಪ, ದೇವ್ರಿಗೇನು ಕಿವುಡೇ?" ಎಂದ ಮೇಲೆ ಹೊಳೆಯ ದಂಡೆ ಬೆಳಗಿನಲ್ಲಿ ನಿಶ್ಶಬ್ದವಾಯಿತು. ಗಟ್ಟಿಯಾಗಿ ಕೂಗುತ್ತಿದ್ದವಳು ಒಬ್ಬಳೇ, ಮನೆಮನೆಗೆ ಉಪ್ಪು ಮಾರುವ ಉಪ್ಪಿನವಳು. ಅವಳ ಕೂಗಿಗೆ ಮಕ್ಕಳು ಬೆಚ್ಚುತ್ತಿದ್ದವು, ದೊಡ್ಡವರು ಮುಖ ಸಿಂಡರಿಸುತ್ತಿದ್ದರು. ಅವಳ ನಾಲಿಗೆಗೂ ಉಪ್ಪು ಜಾಸ್ತಿ. ಮೊರ ಕೇಳಿದರೂ "ಬ್ಯಾಡ ಹೋಗು, ಕೊಡಾಕಿಲ್ಲ", ಮದುವೆಗೆ ಕರೆದರೂ "ಬ್ಯಾಡ ಕಣ್ರೋ, ನೀವೇ ಉಣ್ಣಿ". ಊರಲ್ಲಿ ಯಾರಿಗೂ ಅವಳನ್ನು ಕಂಡರಾಗದು.

ಸೂಲಗಿತ್ತಿಯ ಕಥೆ ಇದಕ್ಕೆ ತದ್ವಿರುದ್ಧ. ಗಂಡ ಸತ್ತು ಹೋಗಿದ್ದ, ಹೆತ್ತ ಮಕ್ಕಳಿರಲಿಲ್ಲ. ಊರಿನ ಅರ್ಧ ಜನ ಅವಳ ಕೈಯಲ್ಲೇ ಕಣ್ಣು ಬಿಟ್ಟವರು. ಕರೆದಾಗ ಬಂದಳು, ಕೇಳಿದ್ದು ಕೊಟ್ಟಳು. ಅವಳ ಬಾಯಲ್ಲಿ ಇಲ್ಲ, ಬೇಡ ಎಂಬ ಮಾತನ್ನು ಕೇಳಿದವರೇ ಇಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಆ ಹೊಗಳಿಕೆ ಕಿವಿಗೆ ಬಿದ್ದ ದಿನ ಅವಳಿಗೆ ಒಂದು ತುತ್ತು ಹೆಚ್ಚು ಸೇರುತ್ತಿತ್ತು. ಅದು ಅವಳ ಪುಣ್ಯವೂ ಹೌದು, ಸೊಕ್ಕೂ ಹೌದು.

ಹೀಗಿರುವಾಗ ಒಂದು ವರ್ಷ ಹೊಲದಲ್ಲಿ ತೆನೆ ತಲೆಯೆತ್ತಿ ನಿಂತಿತು, ಮುರಿದು ನೋಡಿದರೆ ಒಳಗೆ ಜೊಳ್ಳು. ಬರೀ ಹೊಟ್ಟು. ಕಾಳು ತುಂಬಿಡುವ ವಾಡೆಗಳು ಬರಿದಾದವು, ಬೀಸುವ ಕಲ್ಲುಗಳು ಸುಮ್ಮನಾದವು. ನಿನ್ನೆ ಮೊನ್ನೆ ಹೆತ್ತ ಕುರುಬಿತಿಯೊಬ್ಬಳ ಎದೆ ಬತ್ತಿ, ಕೂಸು ಅಳಲೂ ಆಗದೆ ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು. ಅದನ್ನು ನೋಡಿ ಬಂದ ಬೆಳಗ್ಗೆ ಸೂಲಗಿತ್ತಿ ಎಲ್ಲರೂ ಹೋದ ಮೇಲೂ ಹೊಳೆಯಲ್ಲೇ ಕುಳಿತಳು.

ಆಚೆ ದಂಡೆಯಲ್ಲಿ ಒಬ್ಬ ನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದ. ಒಗೆದ ಪಂಚೆ, ಬಾಚಿದ ತಲೆ. ಅವನು ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆ ಊರಿನಲ್ಲಿ ಯಾರೂ ಹೇಳುವ ಹಾಗಿಲ್ಲ.

"ಅಕ್ಕ, ಕುರುಬಿತಿ ಎದೆ ಬತ್ತಿದೆಯಂತಲ್ಲ," ಎಂದ.

"ನಿನ್ ಜೊತೆ ನಂಗೇನು ಮಾತು?"

"ನನಗೇನೂ ಕೊಡುವುದಲ್ಲ, ಕಲ್ಲಿಗೆ ಕೊಡು. ನೀನೂ ತಿನ್ನುವುದಲ್ಲ, ಅವಳಿಗೆ ಕೊಡು. ಆನೆ ಅಂತ ಒಂದು ಮಾತಿದೆಯಲ್ಲ ನಿನ್ನ ಬಾಯಲ್ಲಿ. ಈ ಊರಲ್ಲಿ ಆನೆ ನೋಡಿದವರಿದ್ದಾರಾ? ಸುಮ್ಮನೆ ಬಿದ್ದಿರೋ ಮಾತು. ಅದರಿಂದ ಒಂದು ಕೂಸು ಉಳಿಯೋದಾದರೆ ನಿನ್ನ ದೇವರು ಕೋಪ ಮಾಡ್ಕೊಳ್ತಾನಾ?"

ಅವನು ದೇವರ ಬಗ್ಗೆ ಇಷ್ಟು ಮರ್ಯಾದೆಯಿಂದ ಮಾತಾಡುತ್ತಾನೆಂದು ಅವಳು ಎಣಿಸಿರಲಿಲ್ಲ. ಕಲ್ಲೆತ್ತಿ ಉಸುರಿದಳು. ಅಂಗೈ ಬಿಸಿಯಾಯಿತು. ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು. ಕುರುಬಿತಿ ತಿಂದಳು, ಸಂಜೆಗೆ ಹಾಲು ಇಳಿಯಿತು, ಕೂಸು ಅತ್ತಿತು. ಆ ಅಳು ಕೇಳಿ ಸೂಲಗಿತ್ತಿಗೆ ಆದ ಸಂತೋಷ ಸುಳ್ಳಲ್ಲ. ಸುಳ್ಳಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಎರಡನೆಯ ದಿನ ಸಮುದ್ರ ಹೋಯಿತು. ಅದನ್ನೂ ಯಾರೂ ನೋಡಿದವರಲ್ಲ. ಆ ರೊಟ್ಟಿಯಲ್ಲಿ ಒಂದು ಚೂರು ಅವಳು ತಾನೇ ತಿಂದಳು, ನಡೆಯಲು ಕಾಲಲ್ಲಿ ಬಲ ಬೇಡವೇ ಎಂದುಕೊಂಡು. ಮೂರನೆಯ ದಿನ ಮುನಿಸು ಹೋಯಿತು, ರೊಟ್ಟಿಯಲ್ಲಿ ಅರ್ಧ ತಿಂದಳು. ಒಮ್ಮೆ ಬಾಣಂತಿಯರಿಗೆ ಕರ್ತನು ಅಲೆಗಳನ್ನು ಸುಮ್ಮನಿರಿಸಿದ ಕಥೆ ಹೇಳುತ್ತ ನಡುವೆ ತಡವರಿಸಿ "ಆ... ದೊಡ್ಡ ನೀರು" ಎಂದಳು. ಒಬ್ಬಳು ಕಿಸಕ್ಕನೆ ನಕ್ಕಳು. ಇವಳೂ ನಕ್ಕಳು.

"ಸತ್ತವನನ್ನು ಹೆಸರು ಹಿಡಿದು ಕರೆಯೋದುಂಟಾ?" ಎಂದು ದಂಡೆಯವನು ಕೇಳಿದ ದಿನ ಗಂಡನ ಹೆಸರೂ ಹೋಯಿತು. ಅಂದು ಸಂಜೆ ಗೋರಿಯ ಹತ್ತಿರ ಹೋಗಿ ನಿಂತು ಏನೆಂದು ಕರೆಯುವುದೆಂದು ತಿಳಿಯದೆ ಹಾಗೇ ಬಂದಳು. ಮನಸ್ಸಿಗೆ ಕಸಿವಿಸಿಯಾಯಿತು. ಹೊಟ್ಟೆ ತುಂಬಿತ್ತಲ್ಲ, ಮಲಗಿದ ಕೂಡಲೇ ನಿದ್ದೆ ಬಂತು.

ಹೀಗೆ ಒಂದೊಂದಾಗಿ ಹೋಗುತ್ತಿರುವಾಗ ಅವನು ಒಂದು ಬೆಳಗ್ಗೆ ನೀರು ದಾಟಿ ಈಚೆ ಬಂದು ಪಕ್ಕದಲ್ಲೇ ಕುಳಿತ.

"ಅಕ್ಕ, ದಿನಾ ಒಂದೊಂದು ರೊಟ್ಟಿಗೆ ಯಾಕೆ ಒದ್ದಾಡ್ತೀಯ? ಒಂದೇ ಒಂದು ಮಾತು ಕೊಡು, ಬುಟ್ಟಿ ತುಂಬ ಕಲ್ಲು ರೊಟ್ಟಿಯಾಗ್ತವೆ. ಕೇರಿಗೆಲ್ಲ ಆಗಿ ಮಿಗುತ್ತದೆ."

"ಯಾವ ಮಾತು?"

"ನೀನು ಯಾವತ್ತೂ ಆಡದ ಮಾತು. ನಿನ್ನ ಬಾಗಿಲಿಗೆ ಬಂದವರು ಯಾರಾದರೂ ಬೇಡ ಅನ್ನೋದನ್ನು ಕೇಳಿದ್ದಾರಾ? ಅದು ಉಪ್ಪಿನವಳಂಥವರ ಮಾತು. ನಿನ್ನಂಥ ಒಳ್ಳೆಯವಳ ಬಾಯಲ್ಲಿ ಅದಕ್ಕೇನು ಕೆಲಸ?"

"ಬೆಳಿಗ್ಗೆ ಹೊಳೇಲಿ ಹೇಳ್ಬೇಕಲ್ಲ?"

"ಯಾರು ಹೇಳ್ತಾರೆ? ಎಲ್ಲರೂ ತುಟಿ ಆಡಿಸ್ತಾರೆ. ನೀನೂ ಆಡಿಸು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೂಗಿಗೆ ತುಪ್ಪ ಸವರುವವರಿದ್ದಾರೆ, ಇವನು ತುತ್ತಿಗೇ ಬೆರೆಸಿ ಕೊಟ್ಟ. ಅವಳು ಕಲ್ಲನ್ನು ತುಟಿಗೆ ಒತ್ತಿ "ಬೇಡ" ಎಂದು ಉಸುರಿದಳು. ಬುಟ್ಟಿಯಿಂದ ಹಬೆ ಎದ್ದಿತು. ಕೇರಿಯವರು ಅವಳನ್ನು ಹೊತ್ತು ಮೆರೆಸುವುದೊಂದು ಬಾಕಿ. ಎಲ್ಲಿಂದ ತಂದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಹಸಿವು ರುಚಿ ಅರಿಯದು ಎನ್ನುತ್ತಾರೆ, ಅದು ಪ್ರಶ್ನೆಯನ್ನೂ ಅರಿಯದು.

ಆ ಮಾತು ಹೋಗುವಾಗ ಒಂಟಿಯಾಗಿ ಹೋಗಲಿಲ್ಲ. ಒಲ್ಲೆ, ಕೂಡದು, ಆಗದು, ತಡಿ, ನಿಲ್ಲು ಎಂದು ಅದರ ಬಂಧುಬಳಗವೆಲ್ಲ ಹಿಂದೆಯೇ ಎದ್ದು ಹೊರಟವು. ಅಡ್ಡಡ್ಡ ಆಡಿಸೋಣವೆಂದರೆ ತಲೆಯೂ ಆಡಲಿಲ್ಲ. ಅವಳ ಆಡು ಕೇಳಿದವರು ಆಡು ಹೊಡೆದುಕೊಂಡು ಹೋದರು, ಕಂಬಳಿ ಕೇಳಿದವರು ಕಂಬಳಿ ಹೊದ್ದುಕೊಂಡು ಹೋದರು. ದಂಡೆಯವನಿಗಂತೂ ಈಗ ಪುಸಲಾಯಿಸುವ ಕೆಲಸವೇ ಉಳಿಯಲಿಲ್ಲ. ಮಾತಿನ ಹೆಸರು ಹೇಳಿ "ಕೊಡ್ತೀಯಾ?" ಎಂದು ಮೂರು ಸಲ ಕೇಳುತ್ತಿದ್ದ. ಮೂರು ಸಲಕ್ಕೂ ಬೇಡವೆನ್ನದಿದ್ದರೆ ಬಾಯಿ ತಾನಾಗಿಯೇ ಕಲ್ಲಿಗೆ ಉಸುರಿಬಿಡುತ್ತಿತ್ತು. ಅವಳು ಹೊಳೆಗೆ ಹೋಗದೆ ಕುಳಿತರೆ ಅವನೇ ಕಲ್ಲು ಹಿಡಿದು ಬಾಗಿಲಿಗೆ ಬರುತ್ತಿದ್ದ. ಜೋಗುಳದ ಮಾತುಗಳು ಹೋದವು. ತವರೂರಿನ ಹೆಸರು ಹೋಯಿತು. ಅವ್ವ ಎಂಬುದೂ ಹೋಯಿತು. ರೊಟ್ಟಿಗಳು ಮೂಲೆಯಲ್ಲಿ ಬೂಸು ಹಿಡಿದವು.

ಒಂದು ಮಧ್ಯಾಹ್ನ ನೇಕಾರನ ಹೆಂಡತಿಗೆ ನೋವು ಬಂತು. ಚೊಚ್ಚಲು. ಸೂಲಗಿತ್ತಿ ಹೋದಳು, ಕೈ ತೊಳೆದಳು, ಕುಳಿತಳು. ಕೂಸಿನ ತಲೆ ಕಂಡಿತು. ಬೆರಳಾಡಿಸಿ ನೋಡಿದರೆ ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿಗಿದಿದೆ. ಇಂಥದ್ದನ್ನು ಅವಳು ಹತ್ತಾರು ಕಂಡಿದ್ದಳು. ತಾಯಿ ಒಂದು ಗಳಿಗೆ ಮುಕ್ಕದೆ, ಕೂಸನ್ನು ಹೊರಗೆ ನೂಕದೆ ತಡೆದರೆ ಸಾಕು, ಬೆರಳಿನಿಂದ ಬಳ್ಳಿಯನ್ನು ಜಾರಿಸಿಬಿಡಬಹುದು. ಮುಕ್ಕಬೇಡ ಎನ್ನಬೇಕು, ಅಷ್ಟೆ. ಬಾಯಿ ತೆರೆದಳು.

"ಮುಕ್ಕ..." ಎಂದಳು. ಮುಂದಿನದು ಇರಲಿಲ್ಲ.

"ಮುಕ್ಲಾ ಅಮ್ಮ?" ಎಂದಳು ನೇಕಾರನ ಹೆಂಡತಿ, ಹಲ್ಲು ಕಚ್ಚಿ.

ತಲೆ ಆಡಿಸಲು ನೋಡಿದಳು, ಆಡಲಿಲ್ಲ. ಕೈ ಎತ್ತಿ ತಡೆಯೋಣವೆಂದರೆ ಕೈಗಳು ಕೂಸಿನ ಕೊರಳಲ್ಲಿದ್ದವು. ಅವಳ ಗಂಟಲಿನಿಂದ ಹೊರಟದ್ದು ಬರೀ ಊಳು. ಹೆರುವವಳು ಅದನ್ನು ಅವಸರವೆಂದು ತಿಳಿದು ಇದ್ದ ಬಲವನ್ನೆಲ್ಲ ಬಿಟ್ಟು ಮುಕ್ಕಿದಳು. ಬಳ್ಳಿ ಬಿಗಿಯಿತು. ಕೂಸು ನೀಲಿಯಾಗಿ ಹೊರಬಂತು, ಗಂಡು, ತಲೆತುಂಬ ಕೂದಲು. ಉಸಿರಿರಲಿಲ್ಲ.

ನೇಕಾರನ ಹೆಂಡತಿ ಕೈ ಚಾಚಿ ಕೂಸಿನ ಕೆನ್ನೆ ಮುಟ್ಟಿದಳು. ಆಮೇಲೆ ಕೇಳಿದಳು: "ನಿಂಗೆ ಗೊತ್ತಿತ್ತಲ್ಲಮ್ಮ. ಒಂದು ಮಾತು ಯಾಕೆ ಹೇಳ್ಲಿಲ್ಲ?"

ಸೂಲಗಿತ್ತಿ ಆ ಕೂಸನ್ನು ತಾನೇ ತೊಳೆದು ಬಟ್ಟೆ ಸುತ್ತಿದಳು. ಎದೆ ಒಡೆದು ಅತ್ತಳು. ತನ್ನ ಒಳ್ಳೆಯತನಕ್ಕೆ ಅಂದು ಅವಳು ಮೊದಲ ಸಲ ಅಸಹ್ಯಪಟ್ಟಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉರಿದ ಒಲೆಯ ಮುಂದೆ ಅವಳಿಗೆ ಒಂದಂತೂ ಸ್ಪಷ್ಟವಾಗಿ ಕಂಡಿತು. ಅವನಿಗೆ ಆನೆಯೂ ಬೇಕಿರಲಿಲ್ಲ, ಸಮುದ್ರವೂ ಬೇಕಿರಲಿಲ್ಲ. ಮೊದಲ ದಿನದಿಂದ ಅವನು ಕಣ್ಣಿಟ್ಟಿದ್ದದ್ದು ಈ ಒಂದು ಮಾತಿನ ಮೇಲೆ. ಮಿಕ್ಕದ್ದೆಲ್ಲ ಬಾಯಿ ರೂಢಿಯಾಗಲೆಂದು ಮಾಡಿಸಿದ್ದು.

ತನಗಿಲ್ಲದ ಮಾತನ್ನು ಬೇರೆಯವರಾದರೂ ತನ್ನ ಪರವಾಗಿ ಹೇಳಲಿ ಎಂದು ಅವಳು ಮನೆಮನೆಗೆ ಹೋದಳು. ಮೊದಲು ಸಭೆಯ ಹಿರಿಯನಲ್ಲಿಗೆ.

"ಅಪ್ಪಾ, ನಾನು ಆ ಮಾತು ಮಾರ್ಕೊಂಡೆ. ಬೆಳಗ್ಗೆ ಅವನು ಕೇಳ್ದಾಗ ನೀವು ನನ್ ಪಕ್ಕ ನಿಂತು ಹೇಳಿ."

ಹಿರಿಯ ಬಾಯಿ ತೆರೆದ. ಮುಚ್ಚಿದ. ನೆಲ ನೋಡಿದ. "ನಾನೂ ಕೊಟ್ಟು ಎರಡು ತಿಂಗಳಾಯ್ತು ಕಣವ್ವ," ಎಂದ. "ಸಭೆಗೇ ಒಂದು ಬುಟ್ಟಿ ಆಗುತ್ತೆ ಅಂದ. ನಾನಂತೂ ಯಾರಿಗೂ ಖಾರವಾಗಿ ಮಾತಾಡೋನಲ್ಲ."

ಸಭೆಯ ಗಂಟೆ ಬಾರಿಸುವವನೂ ಕೊಟ್ಟಿದ್ದ. ಕುರುಬಿತಿಯೂ ಕೊಟ್ಟಿದ್ದಳು. ಮನೆ ಮನೆಯಲ್ಲೂ ತೆರೆದ ಬಾಯಿ, ತಗ್ಗಿದ ಮುಖ. ಎಲ್ಲರೂ ಒಳ್ಳೆಯವರು. ಒಳ್ಳೆಯವರ ಬಾಯಲ್ಲಿ ಅದಕ್ಕೇನು ಕೆಲಸವೆಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿದ್ದ. ಇಡೀ ಊರು ಬೆಳಬೆಳಗ್ಗೆ ಸಾಲಾಗಿ ನಿಂತು ಬರೀ ತುಟಿ ಆಡಿಸುತ್ತಿತ್ತು, ಒಬ್ಬರದು ಇನ್ನೊಬ್ಬರಿಗೆ ತಿಳಿಯದೆ.

ಉಳಿದದ್ದು ಒಂದು ಮನೆ. ಉಪ್ಪಿನವಳು ಗೋಡೆಗೊರಗಿ ಕುಳಿತಿದ್ದಳು. ಮೂಳೆ ಚಕ್ಕಳ. ಅವಳು ಒಂದು ಕಲ್ಲನ್ನೂ ರೊಟ್ಟಿ ಮಾಡಿದವಳಲ್ಲ. ಸೊಪ್ಪು, ಗೆಡ್ಡೆ, ಉಪ್ಪುನೀರು ಇಷ್ಟರಲ್ಲೇ ಉಸಿರು ಹಿಡಿದಿದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಗಾದೆ ಅವಳ ಪಾಲಿಗೆ ತಲೆಕೆಳಗಾಗಿತ್ತು, ಬಾಯಿ ಉಳಿಸಿಕೊಂಡದ್ದಕ್ಕೇ ಅವಳು ಸೊರಗಿದ್ದಳು.

"ನಿನ್ ಹತ್ರ ಒಂದು ಕೇಳ್ಬೇಕಿತ್ತು," ಎಂದಳು ಸೂಲಗಿತ್ತಿ.

"ಬ್ಯಾಡ. ಕೊಡಾಕೆ ಏನೂ ಇಲ್ಲ."

ಆ ಮಾತು ಕಿವಿಗೆ ಬೀಳುತ್ತಲೇ ಸೂಲಗಿತ್ತಿ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲವನ್ನೂ ಹೇಳಿದಳು. ನೇಕಾರನ ಕೂಸಿನ ವಿಷಯವನ್ನೂ ಬಚ್ಚಿಡಲಿಲ್ಲ. ಉಪ್ಪಿನವಳು ಕೇಳಿದಳು, ಕನಿಕರ ತೋರಿಸಲಿಲ್ಲ.

"ಒಳ್ಳೇವಳು ಅನ್ನಿಸ್ಕೊಳ್ಳೋ ಚಟ ನಿಂಗೆ. ನನ್ ಮೊಗ ಕಂಡ್ರೆ ಆ ಕಡೆ ತಿರುಗ್ಕೊಂಡು ಹೋಗ್ತಿದ್ದೆಯಲ್ಲೇ."

"ಹೌದು."

"ನಂಗೂ ಹಸಿವಾಯ್ತದೆ ಕಣೇ. ಹಸಿವಾಗಾಕಿಲ್ಲ ಅಂತ ತಿಳ್ಕಂಡ್ಯಾ? ಅವನು ದಿನಾ ನನ್ ಹತ್ರಾನೂ ಬತ್ತಾನೆ. ದಿನಾ ನಂಗೂ ಬಾಯಲ್ಲಿ ನೀರೂರ್ತದೆ. ಅದಕ್ಕೇ ಕೂಗ್ತೀನಿ. ಮೆಲ್ಲಗೆ ಹೇಳಿದ್ರೆ ನನ್ ಮನಸ್ಸೇ ನನ್ ಮಾತು ಕೇಳಾಕಿಲ್ಲ." ಕೋಲು ಹುಡುಕಿ ಎದ್ದಳು. "ನಡಿ."

ಅಂದಿನಿಂದ ಪ್ರತಿ ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೊಳೆಗೆ ಹೋದರು. ದಂಡೆಯವನು ಸೂಲಗಿತ್ತಿಯನ್ನು ಮೂರು ಸಲ ಕೇಳುತ್ತಿದ್ದ. ಉಪ್ಪಿನವಳು ಮೂರು ಸಲ "ಬ್ಯಾಡ" ಎಂದು ಕೂಗುತ್ತಿದ್ದಳು. ಅವನು ಏನೂ ಬೇಸರ ತೋರಿಸದೆ ಕಾಲು ತೊಳೆದುಕೊಂಡು ಹೋಗುತ್ತಿದ್ದ. ಸೂಲಗಿತ್ತಿ ಈಗ ಸೊಪ್ಪು ತಿಂದಳು, ಗೆಡ್ಡೆ ಅಗೆದಳು, ಹಸಿವು ಅಂದರೆ ಏನೆಂದು ಮೊದಲಿನಿಂದ ಕಲಿತಳು. ಊರಿನವರು ದೂರದಿಂದ ನೋಡಿದರು. ಕೆಲವರು ಹತ್ತಿರ ಬಂದು ನಿಂತರು. ಉಪ್ಪಿನವಳು ಅವರನ್ನೂ ಬೈದು, ಅವರಿಗಾಗಿಯೂ ಕೂಗಿದಳು.

ಕೂಗು ದಿನದಿಂದ ದಿನಕ್ಕೆ ಸಣ್ಣದಾಯಿತು. ಒಂದು ಬೆಳಗ್ಗೆ ಹೊಳೆಯ ಮರಳಿನ ಮೇಲೆ ಅವಳು ಕುಳಿತಳು, ಕುಳಿತವಳು ಮಲಗಿದಳು. ತಲೆ ಸೂಲಗಿತ್ತಿಯ ತೊಡೆಯ ಮೇಲಿತ್ತು. ದಂಡೆಯವನು ಬಂದ.

"ಅಯ್ಯೋ ಪಾಪ," ಎಂದ. ಅವನ ದನಿಯಲ್ಲಿ ಮರುಕವಿತ್ತು. "ಒಂದು ರೊಟ್ಟಿ ಸಿಕ್ಕರೆ ಇವಳು ಬದುಕ್ತಾಳೆ, ಅಕ್ಕ. ಇವಳು ಬದುಕಿದರೆ ಊರಿಗೆ ಆ ಮಾತು ಉಳಿಯುತ್ತದೆ. ನಾನೇ ಹೇಳ್ತಿದ್ದೇನೆ ನೋಡು. ಒಂದು ಹೆಸರು ಕೊಡು, ಸಾಕು. ನೀನು ಪ್ರಾರ್ಥನೆಯಲ್ಲಿ ಕರೆಯುತ್ತೀಯಲ್ಲ, ಆ ಹೆಸರು. ಅವನು ತನ್ನ ಪ್ರಾಣವನ್ನೇ ಕೊಟ್ಟವನು, ಹೆಸರು ಕೊಟ್ಟರೆ ಬೇಜಾರು ಮಾಡ್ಕೊಳ್ತಾನಾ? ಕೊಡ್ತೀಯಾ?"

ಸೂಲಗಿತ್ತಿಯ ಕೈಯಲ್ಲಿ ಕಲ್ಲು ಇತ್ತು. ಎಂದು ಎತ್ತಿದಳೋ ಅವಳಿಗೇ ತಿಳಿಯದು. ತೊಡೆಯ ಮೇಲಿನ ಮುಖ ನೋಡಿದಳು. ತನಗಾಗಿ ಊರೆದುರು ಕೂಗಿದ ಒಬ್ಬಳೇ ಒಬ್ಬಳು. ಅವಳು ಬದುಕಲಿ ಎಂದು ಸೂಲಗಿತ್ತಿಯ ಪ್ರಾಣವೆಲ್ಲ ಬಯಸಿತು.

"ಕೊಡ್ತೀಯಾ?"

ಉಪ್ಪಿನವಳು ಕಣ್ಣು ತೆರೆದು ಕಲ್ಲು ನೋಡಿದಳು, ಸೂಲಗಿತ್ತಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ರೊಟ್ಟಿಯ ಆಸೆ ಅವಳಿಗೂ ಇತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಕೊಡ್ತೀಯಾ?"

"ಬ್ಯಾಡ," ಎಂದಳು ಉಪ್ಪಿನವಳು. ಕೂಗಲಿಲ್ಲ, ಕೂಗುವ ಉಸಿರಿರಲಿಲ್ಲ. ಆದರೂ ಮೂವರಿಗೂ ಕೇಳಿಸಿತು. ಬಿಸಿಲು ಏರುವ ಹೊತ್ತಿಗೆ ಅವಳ ಪ್ರಾಣ ಹೋಯಿತು. ಊರಿನವರು ಬಂದು ಗುಡ್ಡದ ಬುಡದಲ್ಲಿ ಮಣ್ಣು ಮಾಡಿ ಶಿಲುಬೆ ನೆಟ್ಟರು. ಅವಳ ಮುಖ ಕಂಡರಾಗದವರೂ ಒಂದು ಹಿಡಿ ಮಣ್ಣು ಹಾಕಿದರು.

ಮರುದಿನ ಸೂಲಗಿತ್ತಿ ಹೊಳೆಗೆ ಹೋದಳು. ಊರೂ ಬಂದಿತ್ತು. ನೇಕಾರನ ಹೆಂಡತಿ ಮುಂದೆಯೇ ನಿಂತಿದ್ದಳು. ಕೂಗುವವರು ಯಾರೂ ಇರಲಿಲ್ಲ, ಆದ್ದರಿಂದ ಯಾರೂ ತುಟಿಯನ್ನೂ ಆಡಿಸಲಿಲ್ಲ. ಅವನು ನೀರಿನಲ್ಲಿ ನಡೆದು ಬಂದು ಅವಳ ಎದುರು ನಿಂತ.

"ಆ ಹೆಸರು," ಎಂದ. "ಕೊಡ್ತೀಯಾ?"

ಅವಳು ತನ್ನ ಬಾಯೊಳಗೆ ಹುಡುಕಿದಳು. ಆನೆ ಇಲ್ಲ, ಸಮುದ್ರ ಇಲ್ಲ, ಗಂಡನ ಹೆಸರಿಲ್ಲ, ಅವ್ವ ಇಲ್ಲ. ಬರಿದಾದ ವಾಡೆ.

"ಕೊಡ್ತೀಯಾ?"

ಕಲ್ಲು ತುಟಿಗೆ ತಾಗಿತು. ಇನ್ನೊಂದು ಸಲ ಕೇಳಿದರೆ ಬಾಯಿ ತಾನಾಗಿಯೇ ಉಸುರಿಬಿಡುತ್ತದೆ. ಅವಳು ಕಲ್ಲಿನಿಂದ ಮುಖ ಎತ್ತಿ, ಗುಡ್ಡಕ್ಕೆ ಕೇಳುವ ಹಾಗೆ, ನಾಚಿಕೆಯನ್ನೆಲ್ಲ ಬಿಟ್ಟು, ಅವನು ಬಯಸಿದ ಆ ಹೆಸರನ್ನೇ ಕೂಗಿದಳು.

"ಯೇಸುವೇ! ಆ ಮಾತು ನನ್ ಹತ್ರ ಇಲ್ಲ. ಹಾಳ್ ಮಾಡ್ಕೊಂಡೆ. ನೀನು ಆವತ್ತು ಅರಣ್ಯದಲ್ಲಿ ಹೇಳಿದ್ದೆಯಲ್ಲ, ಈಗ ನನಗೋಸ್ಕರ ನೀನೇ ಹೇಳು!"

ಆಕಾಶದಿಂದ ದನಿಯೇನೂ ಬರಲಿಲ್ಲ. ಬಂತು ಎಂದು ಆಮೇಲೆ ಹೇಳಿದವರಿದ್ದಾರೆ, ನಂಬಬೇಕಾಗಿಲ್ಲ. ದಂಡೆಯವನು ಬಾಯಿ ತೆರೆದ, ಮೂರನೆಯ ಸಲ ಕೇಳಲೆಂದು. ಕೇಳಲಿಲ್ಲ. ಯಾರೋ ತನಗೆ ಉತ್ತರ ಕೊಟ್ಟಾಯಿತು ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದ. ಅವಳ ಕೈಯಲ್ಲಿ ಕಲ್ಲು ಕಲ್ಲಾಗಿಯೇ ಇತ್ತು, ತಣ್ಣಗೆ. ಅವಳು ಅದನ್ನು ಕೆಳಗಿಟ್ಟಳು. ಹಸಿವು ಹಾಗೆಯೇ ಉಳಿದಿತ್ತು. ಹಿಂದಿನಿಂದ ನೇಕಾರನ ಹೆಂಡತಿ ಅಳುತ್ತ ಅದೇ ಹೆಸರನ್ನು ಕೂಗಿದಳು.

ಅವನು ಕಾಲು ತೊಳೆದುಕೊಂಡು, ಪಂಚೆ ಎತ್ತಿ ಕಟ್ಟಿ, ಹೋಗುವವನು ತಿರುಗಿ ನಿಂತು ಎಂದಿನ ಮರ್ಯಾದೆಯಲ್ಲೇ ಕೇಳಿದ:

"ಹಾಗಾದರೆ ಅಕ್ಕ, ನಾಳೆ ಬರಲಾ?"

ಬರಬೇಡ ಎನ್ನಲು ಅವಳ ಬಾಯಲ್ಲಿ ಮಾತಿರಲಿಲ್ಲ.